ಹೊಟ್ಟೇಲಿ ಆಸಿಡ್ ಕಮ್ಮಿ ಆದ್ರೆ ವಿಟಮಿನ್ ಸಿ ತಗೋಬಹುದಾ? ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಸುಮಾರು ಒಂದೇ ವಿಷಯದ ಸುತ್ತ ಇದ್ವು, ಅದಕ್ಕೆ ಎಲ್ಲಾನೂ ಒಟ್ಟಿಗೆ ಹಾಕಿದೀನಿ. ಹೆಸರು ಬೇಡ ಅಂದಿದಾರೆ, ಊರು ಮಾತ್ರ ಕೊಟ್ಟಿದೀನಿ.

ಪ್ರಶ್ನೆ (ದಾವಣಗೆರೆ): ಸರ್, ನಂಗೆ 46 ವರ್ಷ. ಊಟ ಆದ್ಮೇಲೆ ಹೊಟ್ಟೆ ಉಬ್ಬರ, ತೇಗು, ಎದೆ ಹತ್ರ ಒಂಥರಾ ಭಾರ. ನಾಲ್ಕು ವರ್ಷದಿಂದ ಬೆಳಗ್ಗೆ ಖಾಲಿ ಹೊಟ್ಟೇಲಿ ಪ್ಯಾಂಟೊಪ್ರಜೋಲ್ 40 ತಗೋತಿದೀನಿ, ಆದ್ರೂ ಪೂರ್ತಿ ಹೋಗಿಲ್ಲ. ಈಗ ಒಂದು ವಿಡಿಯೋ ನೋಡ್ದೆ, ನಿಮಗೆಲ್ಲಾ ಆಸಿಡ್ ಜಾಸ್ತಿ ಅಲ್ಲ, ಕಮ್ಮಿ ಆಗಿರೋದು, ಊಟದ ಜೊತೆ ವಿಟಮಿನ್ ಸಿ ಪೌಡರ್ 2 ಗ್ರಾಂ ತಗೊಳ್ಳಿ ಸರಿ ಹೋಗುತ್ತೆ ಅಂತ. ಅದರಲ್ಲಿ ಹೇಳಿದ ಹಾಗೆ ಅಡುಗೆ ಸೋಡಾ ನೀರಿಗೆ ಹಾಕ್ಕೊಂಡು ಕುಡಿದು ನೋಡ್ದೆ, ಐದು ನಿಮಿಷ ಆದ್ರೂ ತೇಗು ಬರ್ಲಿಲ್ಲ, ಅಂದ್ರೆ ಆಸಿಡ್ ಕಮ್ಮಿ ಅಂತೆ. ತಗೋಬಹುದಾ?

ಉತ್ತರ: ಆಸಿಡ್ ತುಂಬೋಕೆ ಅಂತಾದ್ರೆ ಬೇಡ. ಯಾಕೆ ಅಂತ ಸ್ವಲ್ಪ ಲೆಕ್ಕ ಹಾಕೋಣ, ಬೇಜಾರಾಗಬೇಡಿ.

ನಮ್ಮ ಜಠರದಲ್ಲಿ ಇರೋದು ಹೈಡ್ರೋಕ್ಲೋರಿಕ್ ಆಸಿಡ್. ವಿಲಿಯಂ ಪ್ರೌಟ್ ಅಂತ ಇಂಗ್ಲೆಂಡಿನ ಒಬ್ಬ ಡಾಕ್ಟರ್ 1824ರಲ್ಲೇ ಇದನ್ನ ತೋರಿಸಿಕೊಟ್ಟಿದ್ರು. ಇದು ಸ್ಟ್ರಾಂಗ್ ಆಸಿಡ್, ನೀರಿಗೆ ಬಿದ್ದ ತಕ್ಷಣ ಪೂರ್ತಿ ಬಿಚ್ಚಿಕೊಂಡು ತನ್ನ ಹುಳೀನೆಲ್ಲಾ ಬಿಡುತ್ತೆ, ಅದಕ್ಕೇ ಹೊಟ್ಟೆಯ ಪಿಎಚ್ (ಹುಳಿ ಅಳೆಯೋ ಅಂಕಿ, ಕಮ್ಮಿ ಆದಷ್ಟೂ ಹುಳಿ ಜಾಸ್ತಿ) 1.5, 2ರ ತನಕ ಇಳಿಯೋಕೆ ಆಗೋದು. ವಿಟಮಿನ್ ಸಿ ಅಂದ್ರೆ ಆಸ್ಕಾರ್ಬಿಕ್ ಆಸಿಡ್, ಹೆಸರಲ್ಲಿ ಆಸಿಡ್ ಇದೆ, ನಾಲಿಗೆಗೆ ಹುಳೀನೂ ಹೌದು, ಆದ್ರೆ ವೀಕ್ ಆಸಿಡ್, ಪಿಎಚ್ 2 ಇರೋ ಕಡೆ ಅದು ನೂರರಲ್ಲಿ ಒಂದು ಪಾಲೂ ಬಿಚ್ಚಿಕೊಳ್ಳಲ್ಲ. ನೀವು ಹೇಳೋ 2 ಗ್ರಾಂ ಅಂದ್ರೆ ಹನ್ನೊಂದು ಚಿಲ್ಲರೆ ಮಿಲಿಮೋಲ್ (ಕಣಗಳ ಲೆಕ್ಕ ಇಡೋ ಅಳತೆ), ಆರೋಗ್ಯವಾಗಿರೋ ಗಂಡಸಿನ ಹೊಟ್ಟೆ ಜೋರಾಗಿ ಕೆಲಸಕ್ಕೆ ಇಳಿದಾಗ ಒಂದೇ ಗಂಟೇಲಿ 20 ಮಿಲಿಮೋಲ್‌ಗಿಂತ ಜಾಸ್ತಿ ಆಸಿಡ್ ಸುರಿಸುತ್ತೆ, ಅದೂ ಸ್ಟ್ರಾಂಗ್ ಆಸಿಡ್. ಒಂದು ಲೋಟ ಬರೀ ನೀರಲ್ಲಿ 2 ಗ್ರಾಂ ಕರಗಿಸಿದ್ರೆ ಪಿಎಚ್ 2.7ರ ಹತ್ರ ಬರುತ್ತೆ, ಅದು ನಿಜ, ಲೋಟದಲ್ಲಿ ಅಷ್ಟು ಹುಳಿ ಇರುತ್ತೆ. ಆದ್ರೆ ನೀವು ಅದನ್ನ ಕುಡಿಯೋದು ಅನ್ನ ಬೇಳೆಸಾರು ಮೊಸರಿನ ಮೇಲೆ, ಬೇಳೇಲಿ ಮೊಸರಲ್ಲಿ ಇರೋ ಪ್ರೋಟೀನು ಆ ಹುಳೀನ ಹಂಗೇ ಹೀರಿಕೊಂಡು ಸುಮ್ಮನಾಗಿಬಿಡುತ್ತೆ. ಪ್ರೋಟೀನ್ ಕತ್ತರಿಸೋ ಪೆಪ್ಸಿನ್ ಚೆನ್ನಾಗಿ ಓಡಬೇಕು ಅಂದ್ರೆ ಪಿಎಚ್ 2ರ ಆಸುಪಾಸು ಬೇಕು, ಊಟದ ಮಧ್ಯ ಅಲ್ಲಿಗೆ ಪೌಡರ್ ಕರ್ಕೊಂಡು ಹೋಗಲ್ಲ.

ಇನ್ನೊಂದು, ಮೆಡಿಕಲ್ ಶಾಪಲ್ಲಿ ಸಿಗೋ ಕಿತ್ತಳೆ ಬಣ್ಣದ ಚೀಪೋ ಮಾತ್ರೆ ಇದ್ರೆ ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರ ಓದಿ. ಸುಮಾರು ಮಾತ್ರೆಗಳಲ್ಲಿ ಹೆಚ್ಚಿನ ಭಾಗ ಸೋಡಿಯಂ ಆಸ್ಕಾರ್ಬೇಟ್ ರೂಪದಲ್ಲಿ ಇರುತ್ತೆ, ಹಲ್ಲಿಗೆ ಹೊಟ್ಟೆಗೆ ಉರಿ ಆಗಬಾರದು ಅಂತ. ಅದು ಆಸಿಡ್ಡೇ ಅಲ್ಲ, ಅದರ ಉಪ್ಪು. ಆಸಿಡ್ ಜಾಸ್ತಿ ಮಾಡ್ಕೊಳ್ಳೋಕೆ ಅಂತ ಇದನ್ನ ಚೀಪ್ತಾ ಕೂರೋರನ್ನ ನೋಡಿದ್ರೆ ನಗೂನೂ ಬರುತ್ತೆ, ಪಾಪಾನೂ ಅನ್ಸುತ್ತೆ.

ಸೋಡಾ ಟೆಸ್ಟ್ ಮರೆತುಬಿಡಿ. ಸೋಡಾ ಆಸಿಡ್ ಸೇರಿದ್ರೆ ಗ್ಯಾಸ್ ಬರುತ್ತೆ ಅನ್ನೋದು ಸರಿ, ಆದ್ರೆ ತೇಗು ಯಾವಾಗ ಬರುತ್ತೆ ಅನ್ನೋದು ನೀವು ಎಷ್ಟು ಗಾಳಿ ನುಂಗಿದ್ರಿ, ಎಷ್ಟು ಸೋಡಾ ಹಾಕಿದ್ರಿ, ರಾತ್ರಿ ಏನು ತಿಂದಿದ್ರಿ, ಕುಡಿದು ಕೂತ್ರಾ ಓಡಾಡಿದ್ರಾ ಎಲ್ಲದರ ಮೇಲೆ ಹೋಗುತ್ತೆ. ಇದನ್ನ ನಂಬಿ ಯಾವ ಡಾಕ್ಟ್ರೂ ಔಷಧಿ ಬರಿಯಲ್ಲ. ಬಿಪಿ ಇರೋರು ಪದೇ ಪದೇ ಮಾಡಿದ್ರೆ ಅಷ್ಟು ಸೋಡಿಯಂ ಸುಮ್ಮನೆ ಒಳಗೆ ಹೋಗುತ್ತೆ ಅಷ್ಟೇ.

ಈಗ ಮುಖ್ಯ ವಿಷಯ. ನಿಮ್ಮ ಪತ್ರದಲ್ಲಿ ನೀವೇ ಉತ್ತರ ಬರೆದಿದೀರಿ, ಆದ್ರೆ ಅದನ್ನ ದಾಟಿ ಮುಂದೆ ಹೋಗಿದೀರಿ. ನಾಲ್ಕು ವರ್ಷದಿಂದ ಪ್ಯಾಂಟೊಪ್ರಜೋಲ್! ಆ ಮಾತ್ರೆಯ ಕೆಲಸಾನೇ ಜಠರದ ಆಸಿಡ್ ಪಂಪನ್ನ ಬಂದ್ ಮಾಡೋದು. ನಿಮಗೆ ಆಸಿಡ್ ಕಮ್ಮಿ ಇರಬಹುದು, ನಾನು ಇಲ್ಲ ಅನ್ನಲ್ಲ, ಆದ್ರೆ ಕಮ್ಮಿ ಮಾಡಿದ್ದು ಆ ಮಾತ್ರೆ. ಒಂದು ಕೈಯಲ್ಲಿ ನಲ್ಲಿ ತಿರುಗಿಸಿ ಬಂದ್ ಮಾಡಿ ಇನ್ನೊಂದು ಕೈಯಲ್ಲಿ ಚೊಂಬಲ್ಲಿ ನೀರು ಸುರಿದಂಗೆ ಆಯ್ತು. ಮೊದಲು ಕೇಳಬೇಕಾದ ಪ್ರಶ್ನೆ ಏನಂದ್ರೆ, ಆ ಮಾತ್ರೆ ಯಾರು ಬರೆದ್ರು, ಯಾವುದಕ್ಕೆ ಬರೆದ್ರು, ಎಷ್ಟು ದಿನಕ್ಕೆ ಬರೆದ್ರು. ಎಷ್ಟೋ ಸಲ ನಾಲ್ಕರಿಂದ ಎಂಟು ವಾರಕ್ಕೆ ಅಂತ ಬರೆದಿರ್ತಾರೆ, ಆಮೇಲೆ ಜನ ಹಳೇ ಚೀಟಿ ತೋರಿಸ್ಕೊಂಡು, ಚೀಟೀನೂ ಇಲ್ದೆ, ವರ್ಷಗಟ್ಲೆ ನುಂಗ್ತಾ ಹೋಗ್ತಾರೆ.

ಹಾಗಂತ ನಾಳೆಯಿಂದ ನಿಲ್ಸಬೇಡಿ. ಬಹಳ ದಿನ ತಗೊಂಡು ಒಂದೇ ಸಲ ಬಿಟ್ರೆ ಹೊಟ್ಟೆ ಮೊದಲಿಗಿಂತ ಜಾಸ್ತಿ ಆಸಿಡ್ ಸುರಿಸೋಕೆ ಶುರು ಮಾಡುತ್ತೆ, ಕೆಲವು ವಾರ ಎದೆಯುರಿ ತಡೆಯೋಕಾಗಲ್ಲ, ಅಯ್ಯೋ ನಂಗೆ ಮಾತ್ರೆ ಬೇಕೇ ಬೇಕು ಅಂತ ಮತ್ತೆ ಶುರು ಹಚ್ಕೋತೀರಿ. ಡಾಕ್ಟರ್ ಹತ್ರ ಮಾತಾಡಿ ನಿಧಾನಕ್ಕೆ ಡೋಸ್ ಇಳಿಸ್ಕೊಂಡು ಬರಬಹುದು. ಹಾರ್ಟಿಗೆ ಅಂತ ಆಸ್ಪಿರಿನ್ ಕ್ಲೋಪಿಡೋಗ್ರೆಲ್ ತಗೊಳ್ಳೋರು, ಅಲ್ಸರ್ ಒಡೆದು ರಕ್ತ ಹೋಗಿದ್ದೋರು, ಮಂಡಿನೋವಿಗೆ ದಿನಾ ಪೇನ್ ಕಿಲ್ಲರ್ ನುಂಗೋರು, ಇವ್ರಿಗೆಲ್ಲಾ ಆ ಮಾತ್ರೆ ಬೇಕಾಗೇ ಕೊಟ್ಟಿರ್ತಾರೆ, ವಿಡಿಯೋ ನೋಡಿ ಬಿಡೋ ವಿಷಯ ಅಲ್ಲ ಅದು.

ಮಾತ್ರೆ ಬಿಟ್ರೆ ಆಸಿಡ್ ನಿಜವಾಗ್ಲೂ ಕಮ್ಮಿ ಆಗೋಕೆ ಇನ್ನೂ ಕಾರಣ ಇದಾವೆ. ಹೆಲಿಕೊಬ್ಯಾಕ್ಟರ್ ಪೈಲೊರಿ ಅನ್ನೋ ಬ್ಯಾಕ್ಟೀರಿಯಾ ವರ್ಷಗಟ್ಲೆ ಜಠರದಲ್ಲಿ ಕೂತು ಗೋಡೆ ಸವೆಸೋದು ಒಂದು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಈ ಬ್ಯಾಕ್ಟೀರಿಯಾನ ತಾವೇ ಕುಡಿದು ನೋಡಿದ್ರು, ಕೆಲವೇ ದಿನದಲ್ಲಿ ವಾಂತಿ ಶುರುವಾಯ್ತು, ತಮಾಷೆ ಅಂದ್ರೆ ಆ ವಾಂತೀಲಿ ಆಸಿಡ್ಡೇ ಇರ್ಲಿಲ್ಲ, ಸೋಂಕು ಹೊಸದಾಗಿ ಹತ್ತಿದಾಗ ಆಸಿಡ್ ಹಂಗೆ ಬಿದ್ದುಹೋಗುತ್ತೆ. 2005ರಲ್ಲಿ ಅವ್ರಿಗೂ ರಾಬಿನ್ ವಾರೆನ್‌ಗೂ ನೊಬೆಲ್ ಬಂತು. ಇನ್ನೊಂದು ಕಾರಣ ಆಟೋಇಮ್ಯೂನ್ ಗ್ಯಾಸ್ಟ್ರೈಟಿಸ್, ನಮ್ಮ ದೇಹವೇ ಆಸಿಡ್ ಮಾಡೋ ಕೋಶಗಳನ್ನ ಹೊಡೆದು ಹಾಕೋದು, ಥೈರಾಯ್ಡ್ ತೊಂದರೆ ಇರೋರಲ್ಲಿ ಇದು ಜಾಸ್ತಿ ಕಾಣುತ್ತೆ. ಮೂರನೇದು ಜಠರದ ಆಪರೇಷನ್ ಆಗಿರೋದು. ಇದನ್ನ ಕಂಡುಹಿಡಿಯೋಕೆ ಅಡುಗೆಮನೆ ಸಾಲದು. ಪೈಲೊರಿಗೆ ಮಲದ ಆಂಟಿಜೆನ್ ಟೆಸ್ಟ್ ಇಲ್ಲಾ ಊದೋ ಬ್ರೆತ್ ಟೆಸ್ಟ್ ಇದೆ (ಇದಕ್ಕೆ ಮುಂಚೆ ಎರಡು ವಾರ ಆಸಿಡ್ ತಗ್ಗಿಸೋ ಮಾತ್ರೆ ನಿಲ್ಸಿರಬೇಕು, ಇಲ್ದಿದ್ರೆ ಸೋಂಕು ಇದ್ರೂ ಇಲ್ಲ ಅಂತ ಬರಬಹುದು, ಲ್ಯಾಬಿನವ್ರು ಎಷ್ಟೋ ಸಲ ಹೇಳೋದೇ ಇಲ್ಲ, ನಿಲ್ಸೋ ಮುಂಚೆ ಡಾಕ್ಟರನ್ನ ಕೇಳಿ). ರಕ್ತದಲ್ಲಿ ಗ್ಯಾಸ್ಟ್ರಿನ್ (ಆಸಿಡ್ ಸುರಿಸು ಅಂತ ಜಠರಕ್ಕೆ ಹೇಳೋ ಹಾರ್ಮೋನ್), ಬಿ12, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ) ನೋಡಬಹುದು, ಬೇಕು ಅನ್ಸಿದ್ರೆ ಎಂಡೋಸ್ಕೋಪಿ ಮಾಡಿ ಸಣ್ಣ ಚೂರು ತೆಗೆದು ನೋಡ್ತಾರೆ.

ವಿಟಮಿನ್ ಸಿಗೂ ಆಸಿಡ್ಡಿಗೂ ಸಂಬಂಧವೇ ಇಲ್ವಾ ಅಂದ್ರೆ ಇದೆ, ಆದ್ರೆ ವಿಡಿಯೋದಲ್ಲಿ ಅದನ್ನ ತಲೆಕೆಳಗು ಮಾಡಿದಾರೆ. ಜಠರ ತಾನಾಗೇ ರಕ್ತದಿಂದ ವಿಟಮಿನ್ ಸಿ ಎಳೆದು ಜಠರರಸಕ್ಕೆ ಬಿಡುತ್ತೆ, ಆರೋಗ್ಯವಾಗಿದ್ರೆ ರಕ್ತದಲ್ಲಿ ಇರೋದಕ್ಕಿಂತ ಜಾಸ್ತಿ ಅಲ್ಲಿ ಇರುತ್ತೆ. ಪೈಲೊರಿ ಸೋಂಕು ಇದ್ರೆ, ಜಠರದ ಗೋಡೆ ಸವೆದಿದ್ರೆ, ಅದು ಕಮ್ಮಿ ಆಗುತ್ತೆ, ಸೋಂಕು ಹೋದ್ಮೇಲೆ ಮತ್ತೆ ಏರುತ್ತೆ. ಹುಳಿ ಕಮ್ಮಿ ಇರೋ ಕಡೆ ವಿಟಮಿನ್ ಸಿ ಬೇಗ ಹಾಳೂ ಆಗುತ್ತೆ. ಅಂದ್ರೆ ಆಸಿಡ್ ಕಮ್ಮಿ ಆದೋರಿಗೆ ಹೊಟ್ಟೇಲಿ ವಿಟಮಿನ್ ಸಿ ಕಮ್ಮಿ ಆಗುತ್ತೆ, ವಿಟಮಿನ್ ಸಿ ಹಾಕಿದ್ರೆ ಆಸಿಡ್ ಹುಟ್ಟುತ್ತೆ ಅಂತಲ್ಲ.

ಪ್ರಶ್ನೆ (ತಿಪಟೂರು): ನಂಗೆ 34, ಹಿಮೋಗ್ಲೋಬಿನ್ 9.4 ಇದೆ. ಐರನ್ ಮಾತ್ರೆ ತಗೊಂಡ್ರೂ ಏರ್ತಿಲ್ಲ. ಹೊಟ್ಟೇಲಿ ಆಸಿಡ್ ಕಮ್ಮಿ ಇದ್ರೆ ಐರನ್ ಹಿಡಿಯಲ್ಲ, ವಿಟಮಿನ್ ಸಿ ಜೊತೆ ತಗೋ ಅಂತ ನಮ್ಮ ಅತ್ತಿಗೆ ಹೇಳಿದ್ರು. ಅವರು ನರ್ಸ್.

ಉತ್ತರ: ನಿಮ್ಮ ಅತ್ತಿಗೆ ಹೇಳಿದ್ದು ಬಹುಪಾಲು ಸರಿ, ವಿಟಮಿನ್ ಸಿ ನಿಜವಾಗ್ಲೂ ಕೆಲಸಕ್ಕೆ ಬರೋ ಜಾಗ ಇದೇ. ಸೊಪ್ಪು ಕಾಳು ರಾಗೀಲಿರೋ ಕಬ್ಬಿಣ ಕರುಳಿಗೆ ಸುಲಭವಾಗಿ ಹಿಡಿಯೋ ರೂಪದಲ್ಲಿ ಇರಲ್ಲ. ಅದನ್ನ ಕರಗಿಸೋದು ಜಠರದ ಆಸಿಡ್ ಕೆಲಸ, ಆಸಿಡ್ ಕಮ್ಮಿ ಇದ್ರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತೆ. ಅಲ್ಲಿ ವಿಟಮಿನ್ ಸಿ ಎರಡು ರೀತೀಲಿ ಕೈ ಹಿಡಿಯುತ್ತೆ: ಕಬ್ಬಿಣದ ರೂಪ ಬದಲಾಯಿಸಿ ಕರುಳು ಹೀರೋ ಹಾಗೆ ಮಾಡುತ್ತೆ, ಮತ್ತೆ ಅದನ್ನ ಹಿಡ್ಕೊಂಡು ಆಸಿಡ್ ಇಲ್ಲದ ಕರುಳಲ್ಲೂ ಕರಗಿದಂಗೇ ಇಟ್ಕೊಳ್ಳುತ್ತೆ. ಇದಕ್ಕೆ ಗ್ರಾಂಗಟ್ಲೆ ಬೇಡ. ಒಂದೇ ಷರತ್ತು, ಅದೇ ಊಟದಲ್ಲಿ ಇರಬೇಕು, ಬೆಳಗ್ಗೆ ತಿಂದ ಸೀಬೆಹಣ್ಣು ರಾತ್ರಿ ಮುದ್ದೆಗೆ ಸಹಾಯ ಮಾಡಲ್ಲ.

ಬಸ್ಸಾರು, ಉಪ್ಸಾರು, ನುಗ್ಗೆಸೊಪ್ಪಿನ ಪಲ್ಯ ಏನೇ ಇರ್ಲಿ, ಒಲೆಯಿಂದ ಇಳಿಸಿದ್ಮೇಲೆ ನಿಂಬೆ ಹಿಂಡಿ. ಕುದಿಯೋವಾಗ ಹಿಂಡಿದ್ರೆ ಹುಳಿ ಉಳಿಯುತ್ತೆ, ವಿಟಮಿನ್ ಸಿ ಸುಮಾರು ಹಾಳಾಗುತ್ತೆ. ಹುಣಸೆಹಣ್ಣು ಹಾಕಿದ್ವಲ್ಲ ಅಂತೀರಾ, ಅದರ ಹುಳಿ ಟಾರ್ಟಾರಿಕ್ ಆಸಿಡ್, ವಿಟಮಿನ್ ಸಿ ಅದರಲ್ಲಿ ಹೆಸರಿಗಷ್ಟೇ. ಹಸಿ ನೆಲ್ಲಿಕಾಯಿ ತಂಬುಳಿ, ಕೊತ್ತಂಬರಿ ಸೊಪ್ಪಿನ ಹಸಿ ಚಟ್ನಿ, ಊಟ ಆದ್ಮೇಲೆ ಒಂದು ಸೀಬೆಹಣ್ಣು, ಇವೆಲ್ಲಾ ಸಾಕು. ಊಟ ಆದ ಕೂಡ್ಲೇ ಟೀ ಕಾಫಿ ಕುಡಿದ್ರೆ ಮಾತ್ರ ಈ ಲಾಭ ಎಲ್ಲಾ ಹೋಯ್ತು, ಟೀಯಲ್ಲಿರೋ ಟ್ಯಾನಿನ್ ಕಬ್ಬಿಣಾನ ಕಟ್ಟಿಹಾಕುತ್ತೆ, ಒಂದು ಗಂಟೆ ಬಿಟ್ಟು ಕುಡೀರಿ.

ಆದ್ರೆ ಐರನ್ ಮಾತ್ರೆ ವಿಷಯ ಬೇರೆ. ಫೆರಸ್ ಅಂತ ಬರೆದಿರೋ ಮಾತ್ರೇಲಿ ಕಬ್ಬಿಣ ಮೊದಲೇ ಹೀರೋಕೆ ರೆಡಿ ಇರೋ ರೂಪದಲ್ಲಿ ಇರುತ್ತೆ. 2020ರಲ್ಲಿ ಚೀನಾದಿಂದ ಒಂದು ಸ್ಟಡಿ ಬಂತು, 440 ಜನ ರಕ್ತಹೀನತೆ ಇರೋರಲ್ಲಿ ಅರ್ಧ ಜನಕ್ಕೆ ಐರನ್ ಮಾತ್ರೆ ಒಂದೇ, ಇನ್ನರ್ಧಕ್ಕೆ ಐರನ್ ಜೊತೆ ವಿಟಮಿನ್ ಸಿ ಕೊಟ್ಟು ನೋಡಿದ್ರು, ಹಿಮೋಗ್ಲೋಬಿನ್ ಏರಿದ್ದು ಎರಡೂ ಕಡೆ ಸರಿಸುಮಾರು ಒಂದೇ. ಹಾಗಾಗಿ ಮಾತ್ರೆ ಸರಿಯಾಗಿ ತಗೊಂಡೂ ಏರ್ತಿಲ್ಲ ಅಂದ್ರೆ ವಿಟಮಿನ್ ಸಿ ಸೇರಿಸಿ ಇನ್ನೂ ಮೂರು ತಿಂಗಳು ಕಾಯಬೇಡಿ. ತಿಂಗಳ ಮುಟ್ಟಲ್ಲಿ ರಕ್ತ ಜಾಸ್ತಿ ಹೋಗ್ತಿದ್ಯಾ, ಪೈಲೊರಿ ಇದ್ಯಾ, ಆಸಿಡ್ ತಗ್ಗಿಸೋ ಮಾತ್ರೆ ಏನಾದ್ರೂ ನಡೀತಿದ್ಯಾ, ಸೀಲಿಯಾಕ್ (ಗೋಧಿ ಒಗ್ಗದ ಕರುಳಿನ ಕಾಯಿಲೆ) ಇದ್ಯಾ, ಇಷ್ಟು ನೋಡಿಸಿ. ಐರನ್ ಏರ್ತಾನೇ ಇಲ್ಲ ಅಂತ ಬರೋರಲ್ಲಿ ಪೈಲೊರಿಗೆ ಔಷಧಿ ಕೊಟ್ಟ ಮೇಲೆ ಏರೋಕೆ ಶುರುವಾಗೋದು ಉಂಟು.

ಪ್ರಶ್ನೆ (ಶಿರಸಿ): ಅಪ್ಪನಿಗೆ 71 ವರ್ಷ, ಬಿ12 ಕಡಿಮೆ ಬಂದಿದೆ. ಆಸಿಡ್ ಇಲ್ಲದೇ ಬಿ12 ಸಿಗೂದಿಲ್ಲ ಅಂತ ಗೊತ್ತಾಯ್ತು. ಹಾಗಾದ್ರೆ ವಿಟಮಿನ್ ಸಿ ಕೊಟ್ರೆ ಬಿ12 ಏರ್ತದಾ? ನಮ್ಮಲ್ಲಿ ಮಾಂಸ ಮೊಟ್ಟೆ ಇಲ್ಲ, ಹಾಲು ಮಜ್ಜಿಗೆ ಮಾತ್ರ.

ಉತ್ತರ: ಏರಲ್ಲ. ಐರನ್ನಿನ ಕಥೆ ಬಿ12ಗೆ ಹೊಂದಲ್ಲ. ಆಹಾರದಲ್ಲಿ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತೆ, ಅದನ್ನ ಬಿಡಿಸೋಕೆ ಆಸಿಡ್ ಪೆಪ್ಸಿನ್ ಎರಡೂ ಬೇಕು, ಆಮೇಲೆ ಜಠರದ ಅದೇ ಕೋಶಗಳು ಮಾಡೋ ಇನ್‌ಟ್ರಿನ್ಸಿಕ್ ಫ್ಯಾಕ್ಟರ್ ಅನ್ನೋ ಇನ್ನೊಂದು ಪ್ರೋಟೀನ್ ಅದನ್ನ ಹಿಡ್ಕೊಂಡು ಸಣ್ಣ ಕರುಳಿನ ಕೊನೆ ತನಕ ಕರ್ಕೊಂಡು ಹೋಗಬೇಕು. ಇದರಲ್ಲಿ ಯಾವ ಹಂತಾನೂ ವಿಟಮಿನ್ ಸಿ ಮಾಡಲ್ಲ.

ಒಳ್ಳೇ ಸುದ್ದಿ ಏನಂದ್ರೆ ಮಾತ್ರೇಲಿರೋ ಬಿ12 ಯಾವ ಪ್ರೋಟೀನಿಗೂ ಅಂಟಿರಲ್ಲ, ಹಾಗಾಗಿ ಆಸಿಡ್ ಬೇಕಿಲ್ಲ. ಇನ್‌ಟ್ರಿನ್ಸಿಕ್ ಫ್ಯಾಕ್ಟರ್ ಇಲ್ದೇ ಇದ್ರೂ ದೊಡ್ಡ ಡೋಸಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಸುಮ್ಮನೆ ನುಸುಳಿಕೊಂಡು ಹೋಗುತ್ತೆ, ಅದಕ್ಕೇ 1000 ಮೈಕ್ರೋಗ್ರಾಂ ಮಾತ್ರೆ ಕೊಡೋದು. ತುಂಬಾ ಕಮ್ಮಿ ಇದ್ರೆ, ಇಲ್ಲಾ ಅಪ್ಪಂಗೆ ಕಾಲು ಜೋಮು, ನಡೆಯೋವಾಗ ತೂರಾಡೋದು, ಮರೆವು ಇದ್ರೆ ಇಂಜೆಕ್ಷನ್ನೇ ಸರಿ, ತಡ ಮಾಡಿದ್ರೆ ನರದ ತೊಂದರೆ ಪೂರ್ತಿ ವಾಪಸ್ ಬರದೇ ಇರಬಹುದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೋತಿದ್ರೆ ಅದೂ ಬಿ12 ಇಳಿಸುತ್ತೆ, ಡಾಕ್ಟರಿಗೆ ಹೇಳಿ. ಬರೀ ವಯಸ್ಸಾಯ್ತು ಅಂತ ಆಸಿಡ್ ಕಮ್ಮಿ ಆಗಲ್ಲ, ಜಠರದ ಗೋಡೆ ಸವೆದಿದ್ರೆ ಆಗುತ್ತೆ, ಅದು ವಯಸ್ಸಾದೋರಲ್ಲಿ ಜಾಸ್ತಿ, ಅದಕ್ಕೆ 71ರಲ್ಲಿ ಆ ಕಡೆನೂ ಒಂದು ಕಣ್ಣು ಇರ್ಲಿ.

ಪ್ರಶ್ನೆ (ಮಂಗಳೂರು): ಥೈರಾಯ್ಡ್ ಮಾತ್ರೆ ಡೋಸ್ ಏರಿಸ್ತಾನೇ ಇದಾರೆ, ಟಿಎಸ್‌ಎಚ್ (ಥೈರಾಯ್ಡ್ ಕಮ್ಮಿ ಆದ್ರೆ ರಕ್ತದಲ್ಲಿ ಏರೋ ಹಾರ್ಮೋನ್) ಇಳೀತಿಲ್ಲ. ಗ್ಯಾಸ್ಟ್ರೈಟಿಸ್ ಕೂಡ ಉಂಟು. ವಿಟಮಿನ್ ಸಿ ಜೊತೆ ತಗೊಂಡ್ರೆ ಒಳ್ಳೇದಂತೆ, ಹೌದಾ?

ಉತ್ತರ: ಇದು ಗಾಳಿಸುದ್ದಿ ಅಲ್ಲ. ಲಿವೋಥೈರಾಕ್ಸಿನ್, ಅಂದ್ರೆ ಥೈರಾಯ್ಡ್ ಮಾತ್ರೆ, ಕರಗೋಕೆ ಹೊಟ್ಟೇಲಿ ಆಸಿಡ್ ಬೇಕು, ಆಸಿಡ್ ಕಮ್ಮಿ ಇರೋರಿಗೆ, ಪ್ಯಾಂಟೊಪ್ರಜೋಲ್ ಥರದ್ದು ತಗೊಳ್ಳೋರಿಗೆ ಡೋಸ್ ಜಾಸ್ತಿ ಬೇಕಾಗಬಹುದು. 2014ರಲ್ಲಿ ಬಂದ ಒಂದು ಸಣ್ಣ ಸ್ಟಡೀಲಿ ಥೈರಾಯ್ಡ್ ಜೊತೆ ಗ್ಯಾಸ್ಟ್ರೈಟಿಸ್ ಇರೋರಿಗೆ 500 ಮಿಲಿಗ್ರಾಂ ವಿಟಮಿನ್ ಸಿ ಕರಗಿಸಿದ ನೀರಲ್ಲೇ ಮಾತ್ರೆ ಕೊಟ್ಟಾಗ ಟಿಎಸ್‌ಎಚ್ ಇಳೀತು. ನೋಡಿ, ಇಲ್ಲಿ ಖಾಲಿ ಹೊಟ್ಟೆ, ಒಂದು ಲೋಟ ನೀರು, ಒಂದು ಸಣ್ಣ ಮಾತ್ರೆ, ಊಟ ಇಲ್ಲ, ಅದಕ್ಕೇ ಆ ಸ್ವಲ್ಪ ಹುಳಿ ಸಾಕಾಗುತ್ತೆ, ದಾವಣಗೆರೆಯೋರ ಬೇಳೆಸಾರಿನ ಲೆಕ್ಕ ಇಲ್ಲಿಲ್ಲ. ಆದ್ರೆ ನೀವಾಗೇ ಶುರು ಮಾಡಬೇಡಿ, ಏರಿಸಿಟ್ಟಿರೋ ಡೋಸ್ ಈಗ ಪೂರ್ತಿ ಹಿಡಿದ್ರೆ ಎದೆ ಡಬಡಬ ಅನ್ನೋಕೆ ಶುರುವಾಗಬಹುದು. ಡಾಕ್ಟರಿಗೆ ಹೇಳಿ ಶುರು ಮಾಡಿ, ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ಮತ್ತೆ ಮಾಡ್ಸಿ. ಅದಕ್ಕೂ ಮೊದಲು, ಥೈರಾಯ್ಡ್ ಮಾತ್ರೆ ನುಂಗಿ ಹತ್ತು ನಿಮಿಷಕ್ಕೆ ಕಾಫಿ ಕುಡೀತಿಲ್ಲ ತಾನೇ? ಕ್ಯಾಲ್ಸಿಯಂ ಐರನ್ ಮಾತ್ರೆ ನಾಲ್ಕು ಗಂಟೆ ದೂರ ಇಟ್ಟಿದೀರಾ? ಟಿಎಸ್‌ಎಚ್ ಇಳೀದೇ ಇರೋಕೆ ಎಷ್ಟೋ ಸಲ ಅದೇ ಕಾರಣ ಇರುತ್ತೆ.

ಪ್ರಶ್ನೆ (ಮೈಸೂರು): ಪೌಡರ್ ಬೇಡ, ನಿಂಬೆ ನೀರು, ಆಪಲ್ ಸೈಡರ್ ವಿನೆಗರ್, ಪುನರ್ಪುಳಿ ಸಾರು ಇವುಗಳಿಂದ ಆಸಿಡ್ ಸರಿ ಹೋಗುತ್ತಾ?

ಉತ್ತರ: ಇವೂ ಎಲ್ಲಾ ವೀಕ್ ಆಸಿಡ್ಡೇ, ಮೇಲೆ ಹೇಳಿದ ಲೆಕ್ಕಾನೇ ಇಲ್ಲೂ. ಆದ್ರೆ ಹುಳಿ ನಾಲಿಗೆಗೆ ತಾಗಿದ್ರೆ ಜೊಲ್ಲು ಸುರಿಯುತ್ತೆ, ಹೊಟ್ಟೇನೂ ಊಟಕ್ಕೆ ರೆಡಿ ಆಗುತ್ತೆ, ಊಟ ಹಗುರ ಅನ್ಸಬಹುದು. ಪುನರ್ಪುಳಿ ಸಾರು ಚೆನ್ನಾಗಿರುತ್ತೆ ಅಂತ ಕುಡೀರಿ, ಅದಕ್ಕೆ ಬೇರೆ ಕಾರಣ ಯಾಕೆ ಬೇಕು. ವಿನೆಗರ್ ಮಾತ್ರ ನೀರು ಬೆರೆಸದೇ ಕುಡೀಬೇಡಿ, ಗಂಟಲು ಸುಡುತ್ತೆ. ನಿಂಬೆ, ವಿನೆಗರ್, ಆಸಿಡ್ ರೂಪದಲ್ಲೇ ಇರೋ ಚೀಪೋ ವಿಟಮಿನ್ ಸಿ ಮಾತ್ರೆ, ಇವೆಲ್ಲಾ ಹಲ್ಲಿನ ಎನಾಮೆಲ್ ಸವೆಸ್ತಾವೆ, ಕುಡಿದ್ಮೇಲೆ ಬಾಯಿ ಮುಕ್ಕಳಿಸಿ, ತಕ್ಷಣ ಬ್ರಷ್ ಮಾಡಬೇಡಿ.

ಪ್ರಶ್ನೆ (ಬಳ್ಳಾರಿ): ವಿಟಮಿನ್ ಸಿ ಜಾಸ್ತಿ ಆದ್ರೆ ಮೂತ್ರದಲ್ಲಿ ಹೋಗುತ್ತಲ್ವಾ, ದಿನಾ 2 ಗ್ರಾಂ ತಗೊಂಡ್ರೆ ಏನಾಗುತ್ತೆ? ನಂಗೆ ಒಂದ್ಸಲ ಕಿಡ್ನಿ ಸ್ಟೋನ್ ಆಗಿತ್ತು.

ಉತ್ತರ: ಕಿಡ್ನಿ ಸ್ಟೋನ್ ಆಗಿದ್ದೋರು ತಗೋಬೇಡಿ. ಜಾಸ್ತಿ ಆದ ವಿಟಮಿನ್ ಸಿ ಹಂಗೇ ಹೋಗಲ್ಲ, ಸ್ವಲ್ಪ ಭಾಗ ಆಕ್ಸಲೇಟ್ ಆಗಿ ಮೂತ್ರಕ್ಕೆ ಹೋಗುತ್ತೆ, ಕಲ್ಲಲ್ಲಿ ಹೆಚ್ಚಿನವು ಆಗೋದು ಅದರಿಂದಾನೇ. ಬಳ್ಳಾರಿ ಬಿಸಿಲಲ್ಲಿ ಬೆವರಿ ಮೂತ್ರ ಗಟ್ಟಿ ಆಗಿರೋವಾಗ ಇನ್ನೂ ಕಷ್ಟ. ದೊಡ್ಡೋರಿಗೆ ದಿನಕ್ಕೆ 2 ಗ್ರಾಂ ಅನ್ನೋದು ಮೇಲಿನ ಗೆರೆ, ದಾಟಿದ್ರೆ ಬೇಧಿ, ಹೊಟ್ಟೆ ನುಲಿತ ಕಾಮನ್. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರ ಪ್ರಕಾರ ಗಂಡಸರಿಗೆ ದಿನಕ್ಕೆ 80, ಹೆಂಗಸರಿಗೆ 65 ಮಿಲಿಗ್ರಾಂ ಸಾಕು, ಒಂದು ಸೀಬೆಹಣ್ಣಲ್ಲಿ ಅದಕ್ಕಿಂತ ಜಾಸ್ತಿ ಇರುತ್ತೆ. ಗ್ರಾಂಗಟ್ಲೆ ತಿನ್ನೋ ಹುಚ್ಚು ಹಬ್ಬಿಸಿದ್ದು 1970ರ ಸುಮಾರಿಗೆ ಲೈನಸ್ ಪಾಲಿಂಗ್, ಎರಡು ನೊಬೆಲ್ ತಗೊಂಡ ಮಹಾನುಭಾವ, ಕೆಮಿಸ್ಟ್ರಿಗೆ ಒಂದು ಶಾಂತಿಗೆ ಒಂದು, ವಿಟಮಿನ್‌ಗೆ ಅಲ್ಲ. ಥಲಸ್ಸೀಮಿಯಾ (ಹುಟ್ಟಿನಿಂದ ಬರೋ ರಕ್ತದ ಕಾಯಿಲೆ) ಇದ್ದು ಮೈಯಲ್ಲಿ ಕಬ್ಬಿಣ ತುಂಬಿರೋರು, ಜಿ6ಪಿಡಿ (ಕೆಂಪು ರಕ್ತಕಣಗಳನ್ನ ಕಾಪಾಡೋ ಕಿಣ್ವ) ಕೊರತೆ ಇರೋರು ದೊಡ್ಡ ಡೋಸ್ ಹತ್ರಾನೂ ಹೋಗಬಾರದು.

ಪ್ರಶ್ನೆ (ಹುಬ್ಬಳ್ಳಿ): ವಿಟಮಿನ್ ಸಿ ವೀಕ್ ಆದ್ರ ಬಿಟೇನ್ ಎಚ್‌ಸಿಎಲ್ ಕ್ಯಾಪ್ಸೂಲ್ ಸ್ಟ್ರಾಂಗ್ ಅಲ್ಲೇನ್ರಿ? ಆನ್‌ಲೈನ್ ತರಿಸೇನಿ. ಮೊಣಕಾಲ ನೋವಿಗೆ ಡೈಕ್ಲೋಫೆನಾಕ್ ತಗೋತೀನಿ.

ಉತ್ತರ: ಸ್ಟ್ರಾಂಗ್ ಹೌದ್ರಿ, ಹೊಟ್ಟೇಲಿರೋ ಹೈಡ್ರೋಕ್ಲೋರಿಕ್ ಆಸಿಡ್ಡನ್ನೇ ಕ್ಯಾಪ್ಸೂಲಲ್ಲಿ ಕೊಡೋದು ಅದು, ಅದಕ್ಕೇ ನಿಮಗೆ ಬ್ಯಾಡ. ಡೈಕ್ಲೋಫೆನಾಕ್ ಜಠರದ ಗೋಡೆಗಿರೋ ರಕ್ಷಣೆ ತೆಗೆಯುತ್ತೆ, ಅದರ ಮೇಲೆ ಹೊರಗಿಂದ ಆಸಿಡ್ ಹಾಕಿದ್ರೆ ಅಲ್ಸರ್ ಆಗೋ ಚಾನ್ಸ್ ಏರುತ್ತೆ. ಡಬ್ಬಿ ತೆಗೆದಿಡಿ. ಈಗಾಗ್ಲೇ ಶುರು ಮಾಡಿ ಹೊಟ್ಟೆ ಮೇಲ್ಭಾಗ ಉರಿ ನೋವು ಬಂದಿದ್ರೆ ಎರಡನ್ನೂ ನಿಲ್ಸಿ ಡಾಕ್ಟರನ್ನ ನೋಡಿ, ನೋವಿಗೆ ಬೇರೆ ದಾರಿ ಹುಡುಕ್ತಾರೆ. ಮಲ ಡಾಂಬರಿನ ಥರ ಕಪ್ಪಗೆ ಅಂಟಂಟಾಗಿ ಹೋದ್ರೆ, ವಾಂತೀಲಿ ಕಾಫಿ ಪುಡಿ ಥರ ಬಂದ್ರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ. ಐರನ್ ಮಾತ್ರೆ ತಗೊಳ್ಳೋರಿಗೂ ಮಲ ಕಪ್ಪಾಗುತ್ತೆ, ಆದ್ರೆ ಅದು ಅಂಟಂಟಾಗಿರಲ್ಲ, ಆ ಕೆಟ್ಟ ವಾಸನೇನೂ ಇರಲ್ಲ, ಗೊತ್ತಾಗ್ಲಿಲ್ಲ ಅಂದ್ರೆ ತೋರಿಸೋದೇ ಸರಿ.